ಕಾರ್ಡು ಒಬ್ಬರ ಕೈಲಿ, ಬಿಲ್ಲು ಇನ್ನೊಬ್ಬರ ಕೈಲಿ

ಗಿಫ್ಟ್ ಕಾರ್ಡ್ ನಡೆಯಲಿಲ್ಲ ಎಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಹೆಸರು ಮತ್ತು ಕಾರ್ಡ್ ನಂಬರ್ ಆದ ಮೇಲೆ ಅವರು ಕೇಳುವ ಮಾತು ಒಂದೇ: ‘ಬಿಲ್ ಇದೆಯಾ?’ ಬಿಲ್ ಇರುವುದಿಲ್ಲ. ಹೇಗಿದ್ದೀತು? ಉಡುಗೊರೆ ಕೊಡುವ ಮುಂಚೆ ಡಬ್ಬಿಯ ಮೇಲಿನ ಬೆಲೆಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುವ ಜನ ನಾವು. ಎಷ್ಟು ಕೊಟ್ಟು ತಂದೆವೆಂದು ತೋರಿಸಿಕೊಳ್ಳುವುದು ಸಣ್ಣತನ ಎಂದುಕೊಂಡವರು ಬಿಲ್ಲನ್ನು ಮಡಚಿ ಲಕೋಟೆಯೊಳಗೆ ಇಟ್ಟುಕೊಡುವುದಿಲ್ಲ. ಹಾಗಾಗಿ ಕಾರ್ಡು ಪಡೆದವರ ಕೈಯಲ್ಲಿರುತ್ತದೆ, ಬಿಲ್ಲು ಕೊಟ್ಟವರ ಜೇಬಿನಲ್ಲಿರುತ್ತದೆ. ದುಡ್ಡು ಇಬ್ಬರ ಹತ್ತಿರವೂ ಇರುವುದಿಲ್ಲ.

ಗಿಫ್ಟ್ ಕಾರ್ಡಿನ ದೂರು ವ್ಯವಸ್ಥೆಯನ್ನು ಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ಕಾರ್ಡ್ ಹಿಡಿದುಕೊಂಡು ಅಂಗಡಿಗೆ ಹೋಗುವವರು ಬೇರೆಯವರು ಎಂಬುದು ಅದರ ಲೆಕ್ಕದಲ್ಲಿಲ್ಲ. ಇದು ನನಗೆ ಮನದಟ್ಟಾದದ್ದು ಹಾಸನದ ನಮ್ಮ ದೊಡ್ಡಮ್ಮನ ಕಾರ್ಡಿನಿಂದ.

ದೊಡ್ಡಮ್ಮ ಸರ್ಕಾರಿ ಪ್ರೌಢಶಾಲೆಯ ಕನ್ನಡ ಟೀಚರ್. ನಿವೃತ್ತರಾದ ತಿಂಗಳೇ ಶಾಲೆಯ ಅಟೆಂಡರ್ ಒಬ್ಬರೂ ನಿವೃತ್ತರಾದರು. ಇಬ್ಬರಿಗೂ ಒಂದೇ ವೇದಿಕೆ, ಒಂದೇ ಬಗೆಯ ಶಾಲು, ಒಂದೇ ಮೊತ್ತದ ಉಡುಗೊರೆ. ಸಹೋದ್ಯೋಗಿಗಳು ಚಂದಾ ಎತ್ತಿ, ಶಾಲೆಯ ಎಫ್‌ಡಿಎ ಕೈಯಲ್ಲಿ ಕೊಟ್ಟು, ತಲಾ 5,000 ರೂಪಾಯಿಯ ಎರಡು ಗಿಫ್ಟ್ ಕಾರ್ಡ್ ತರಿಸಿದ್ದರು. ಹೆಡ್‌ಮಾಸ್ಟರ್‌ಗೂ ಅಟೆಂಡರ್‌ಗೂ ಬೇರೆ ಬೇರೆ ತೂಕದ ಉಡುಗೊರೆ ಕೊಡುವ ಶಾಲೆಗಳನ್ನು ನೋಡಿದ್ದೇನೆ, ಆದ್ದರಿಂದ ಈ ಶಾಲೆಯವರ ಬಗ್ಗೆ ನನಗೆ ಅಂದಿನಿಂದಲೂ ಗೌರವ. ಕಾರ್ಡು ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡದ್ದು. ಬೇರೆ ಬೇರೆ ಮಳಿಗೆಗಳಲ್ಲಿ ನಡೆಯುತ್ತದೆ ಎಂದು ಅದರ ಮೇಲೆ ಬರೆದಿತ್ತು.

ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಟೇಬಲ್ ಟಾಪ್ ಗ್ರೈಂಡರ್. ಗೃಹೋಪಯೋಗಿ ವಸ್ತುಗಳ ಮಳಿಗೆಗೆ ಹೋಗಿ, ಕಲ್ಲು ತಿರುಗಿಸಿ ನೋಡಿ, ಬಿಲ್ ಮಾಡಿಸಿ, ಕಾರ್ಡ್ ಕೊಟ್ಟಿದ್ದಾರೆ. ಕೌಂಟರಿನ ಹುಡುಗ ಉಜ್ಜಿ ನೋಡಿದ, ನಂಬರ್ ಒತ್ತಿ ನೋಡಿದ. ‘ಮೇಡಂ, ಇನ್‌ವ್ಯಾಲಿಡ್ ಅಂತ ಬರ್ತಿದೆ’ ಎಂದ. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ದೊಡ್ಡಮ್ಮ ಗ್ರೈಂಡರನ್ನು ಅಲ್ಲೇ ಬಿಟ್ಟು ಮನೆಗೆ ಬಂದು, ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟರು. ದೊಡ್ಡಪ್ಪನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಗೌರಿ ಹಬ್ಬಕ್ಕೆ ನಾನು ಹೋದಾಗ ಬಾಗಿನದ ಸೀರೆ ತೆಗೆಯುತ್ತಿದ್ದವರು ಆ ಕಾರ್ಡನ್ನೂ ತೆಗೆದು ಕೊಟ್ಟರು. ಶಾಲೆಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಎಲ್ರೂ ಸೇರಿ ಚಂದಾ ಎತ್ತಿ ಕೊಟ್ಟಿದ್ದು ಕಣೇ. ನೀವು ಕೊಟ್ಟಿದ್ದು ನಡೀಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?’ ಅಂದರು.

ಈ ಒಂದು ಮಾತನ್ನು ಯಾವ ಕಂಪನಿಯ ಕಸ್ಟಮರ್ ಕೇರ್ ವಿಭಾಗವೂ ಯೋಚಿಸಿದಂತಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಕೊಟ್ಟಾಗ ಕವರು ಒಡೆದು ನೋಟು ಎಣಿಸಿದರೆ ಅಲ್ಲಿಗೆ ವ್ಯವಹಾರ ಮುಗಿಯಿತು, ಕೊಟ್ಟದ್ದು ಕೈಗೆ ಬಂದಿರುತ್ತದೆ. ಗಿಫ್ಟ್ ಕಾರ್ಡಿನಲ್ಲಿ ಕೊಟ್ಟದ್ದು ಕೈಗೆ ಬಂತೋ ಇಲ್ಲವೋ ತಿಳಿಯುವುದು ಇನ್ನೆಂದೋ, ಇನ್ನೊಂದು ಅಂಗಡಿಯಲ್ಲಿ, ಅಪರಿಚಿತರ ಎದುರಿಗೆ. ಬರಲಿಲ್ಲ ಎಂದು ದೂರು ಕೊಡಬೇಕಾದರೆ ಕೊಟ್ಟವರ ಮುಂದೆ ಹೋಗಿ ನಿಲ್ಲಬೇಕು. ಸಂಕೋಚದಿಂದ ಸುಮ್ಮನಾದವರ ದುಡ್ಡು ಸುಮ್ಮನೆ ಯಾರದೋ ಖಾತೆಯಲ್ಲಿ ಉಳಿಯುತ್ತದೆ. ದೊಡ್ಡಮ್ಮನಂತೆ ಬೀರುವಿನಲ್ಲಿ ಇಟ್ಟುಬಿಟ್ಟವರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ.

ಬಳಸದೆ ಉಳಿದ ಈ ಹಣಕ್ಕೆ ಲೆಕ್ಕಪತ್ರದವರ ಭಾಷೆಯಲ್ಲಿ ‘ಬ್ರೇಕೇಜ್’ ಎನ್ನುತ್ತಾರೆ. ನಮ್ಮ ದೇಶದ ಕಂಪನಿಗಳು ಅನುಸರಿಸುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದಲ್ಲೇ ಅದಕ್ಕೆ ಜಾಗವಿದೆ. ಮುಂಗಡ ಕೊಟ್ಟ ಗಿರಾಕಿಗಳಲ್ಲಿ ಒಂದಷ್ಟು ಜನ ತಮ್ಮ ಹಕ್ಕನ್ನು ಪೂರ್ತಿ ಬಳಸುವುದಿಲ್ಲ ಎಂದು ಮೊದಲೇ ಅಂದಾಜು ಮಾಡಿ ಆ ಭಾಗವನ್ನು ವರಮಾನವಾಗಿ ತೋರಿಸುವುದು ಹೇಗೆಂದು ಅದು ಹೇಳುತ್ತದೆ. ಇದರಲ್ಲಿ ಮೋಸವೇನಿಲ್ಲ, ಲೆಕ್ಕ ಇಡಲೇಬೇಕು. ಆದರೆ ಗಿರಾಕಿಯ ಮರೆವು ಮತ್ತು ಸಂಕೋಚ ಎರಡೂ ಒಂದೇ ಕಲಂನಲ್ಲಿ ಸೇರಿಹೋಗುತ್ತವೆ ಎಂಬುದು ನನಗೆ ಸಂಕಟದ ವಿಷಯ. ಮರೆತವರಿಗೆ ನೆನಪಿಸಬಹುದು. ಸಂಕೋಚದಿಂದ ಸುಮ್ಮನಾದವರನ್ನು ಕೇಳುವವರು ಯಾರು?

ಮೂರು ಬಾಗಿಲು

ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಕಸ್ಟಮರ್ ಕೇರ್ ನಂಬರ್ ಇತ್ತು. ದೊಡ್ಡಪ್ಪನ ಕನ್ನಡಕಕ್ಕೆ ಅದು ಕಂಡಿರಲಿಲ್ಲ. ಅವರು ನಾನು ಹೋಗುವ ಮೊದಲೇ ಗೂಗಲ್‌ನಲ್ಲಿ ಹುಡುಕಿ, ಮೇಲೆ ಬಂದ ಮೊಬೈಲ್ ನಂಬರಿಗೆ ಫೋನ್ ಮಾಡಿದ್ದರು. ಆ ಕಡೆಯ ಗಂಡಸು ತುಂಬ ವಿನಯದಿಂದ ಮಾತಾಡಿ, ಕಾರ್ಡಿನ ಹಿಂದಿನ ಬೆಳ್ಳಿ ಪಟ್ಟಿ ಕೆರೆದು ಪಿನ್ ಹೇಳಿ ಎಂದನಂತೆ. ಆಮೇಲೆ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಬೇಕು ಎಂದನಂತೆ. ದೊಡ್ಡಪ್ಪ ಅಲ್ಲಿಗೆ ಫೋನ್ ಇಟ್ಟರು. ಆ್ಯಪ್ ಹಾಕಿಕೊಂಡಿದ್ದರೆ ಅವರ ಪಿಂಚಣಿ ಖಾತೆಯ ಕಥೆಯೇ ಬೇರೆಯಾಗುತ್ತಿತ್ತು.

ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ ಎಂದು ಪೊಲೀಸರೂ ಬ್ಯಾಂಕುಗಳೂ ಮತ್ತೆ ಮತ್ತೆ ಹೇಳುವುದು ಇದಕ್ಕೇ. ಕಾರ್ಡಿನ ಮೇಲೆ, ಅದರ ಲಕೋಟೆಯ ಮೇಲೆ ಅಥವಾ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಇರುವ ನಂಬರು ಬಿಟ್ಟು ಬೇರೆ ಯಾವುದನ್ನೂ ನಂಬಬಾರದು. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ದೂರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಗಿಫ್ಟ್ ಕಾರ್ಡನ್ನೇ ಬಲೆ ಮಾಡಿಕೊಂಡ ಇನ್ನೊಂದು ವಂಚನೆಯೂ ಇದೆ. ಮೇಲಧಿಕಾರಿಯ ಫೋಟೊ ಹಾಕಿಕೊಂಡ ವಾಟ್ಸ್ಆ್ಯಪ್ ನಂಬರಿನಿಂದ ‘ಮೀಟಿಂಗ್‌ನಲ್ಲಿದ್ದೇನೆ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ’ ಎಂಬ ಮೆಸೇಜ್ ಬರುತ್ತದೆ. ಕೋಡ್ ಕಳಿಸಿದ ಮೇಲೆ ಆ ಹಣ ಯಾರ ಕೈಗೆ ಹೋಯಿತೆಂದು ಪತ್ತೆ ಹಚ್ಚುವುದು ಬಹಳ ಕಷ್ಟ. ಯಾವ ಅಧಿಕಾರಿಯೂ ಯಾವ ಇಲಾಖೆಯೂ ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕೇಳುವುದಿಲ್ಲ.

ಸರಿಯಾದ ನಂಬರಿಗೆ ನಾನು ಫೋನ್ ಮಾಡಿದೆ. ಭಾಷೆಯ ಆಯ್ಕೆ, ಮೆನು, ಸಂಗೀತ, ಲೈನಿನಲ್ಲೇ ಇರಿ ಎಂಬ ವಿನಂತಿ, ಎಲ್ಲ ದಾಟಿದ ಮೇಲೆ ಒಬ್ಬ ಹುಡುಗ ಸಿಕ್ಕ. ಕಾರ್ಡ್ ಆ್ಯಕ್ಟಿವ್ ಆಗಿಲ್ಲ, ಕೊಂಡ ಅಂಗಡಿಯಲ್ಲೇ ಕೇಳಿ ಎಂದ. ಸೂಪರ್ ಮಾರ್ಕೆಟ್ಟಿನವರು, ನಾವು ಮಾರುವುದಷ್ಟೇ, ಕಾರ್ಡು ಕಂಪನಿಯದು, ಅಲ್ಲಿಗೇ ಫೋನ್ ಮಾಡಿ ಎಂದರು. ಗ್ರೈಂಡರ್ ಅಂಗಡಿಯವರಂತೂ ಇದಕ್ಕೆ ಸಂಬಂಧಪಟ್ಟವರೇ ಅಲ್ಲ, ನಮ್ಮ ಮೆಷಿನ್ ಸರಿಯಾಗಿದೆ ಎಂದರು. ಮೂವರೂ ಹೇಳಿದ್ದು ಅವರವರ ಮಟ್ಟಿಗೆ ನಿಜ. ಕೊನೆಗೆ ಕಂಪನಿಯವರು ಒಂದು ಟಿಕೆಟ್ ನಂಬರ್ ಕೊಟ್ಟು ಇ–ಮೇಲಿನಲ್ಲಿ ಬಿಲ್ ಕಳಿಸಿ ಎಂದರು. ಬಿಲ್ ಇಲ್ಲ, ಇದು ಉಡುಗೊರೆಯಾಗಿ ಬಂದದ್ದು ಎಂದು ಬರೆದೆ. ದೂರು ಪರಿಹಾರವಾಗಿದೆ ಎಂದು ಮೆಸೇಜ್ ಬಂತು.

ಏನೂ ಪರಿಹಾರವಾಗದೆ ‘ಪರಿಹಾರವಾಗಿದೆ’ ಎಂದು ಮುಚ್ಚುವುದು ಜನರನ್ನು ಸುಸ್ತು ಮಾಡುವ ವಿಧಾನ. ದೊಡ್ಡಮ್ಮ ಒಬ್ಬರೇ ಇದ್ದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು.

ಆಮೇಲೆ ಒಂದು ಸಂಜೆ ಮತ್ತೆ ಫೋನ್ ಮಾಡಿದಾಗ ಸಿಕ್ಕಿದ್ದು ಉತ್ತರ ಕರ್ನಾಟಕದ ಕಡೆಯ ಹುಡುಗಿ. ಮೊದಲು ಬರೆದುಕೊಟ್ಟ ಕನ್ನಡದಲ್ಲೇ ಮಾತಾಡಿದಳು. ಬೀಳ್ಕೊಡುಗೆ, ಚಂದಾ, ದೊಡ್ಡಮ್ಮನ ಸಂಕೋಚ ಎಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಡಂ, ನಮ್ಮಪ್ಪನೂ ಸಾಲಿ ಮಾಸ್ತರ್ ಇದ್ರು’ ಅಂದಳು. ಆಮೇಲೆ ಮಾತು ಬೇರೆಯಾಯಿತು. ಅವಳಿಗೆ ದುಡ್ಡು ವಾಪಸ್ ಕೊಡಿಸುವ ಅಧಿಕಾರ ಇರಲಿಲ್ಲ, ಹೊಸ ಕಾರ್ಡ್ ಕೊಡುವ ಅಧಿಕಾರವೂ ಇರಲಿಲ್ಲ. ಆದರೆ ಏನನ್ನು ಹುಡುಕಬೇಕು ಎಂದು ಹೇಳಿಕೊಟ್ಟಳು. ‘ಹೆಂಗಾರ ಮಾಡಿ ಬಿಲ್ ತರಸ್ರಿ. ಬಿಲ್ಲಿನ್ಯಾಗ ಕಾರ್ಡ್ ನಂಬರಿನ ಕೆಳಗ ಅಪ್ರೂವಲ್ ಕೋಡ್ ಇರತೈತಿ. ಅದು ಐತೋ ಇಲ್ಲೋ ನೋಡ್ರಿ. ಇರಲಿಲ್ಲಂದ್ರ ತಪ್ಪು ನಿಮ್ಮದಲ್ಲ, ಕೌಂಟರಿನ್ಯಾಗ ಆಗೈತಿ. ಟಿಕೆಟ್ ಬ್ಯಾಡ, ನೋಡಲ್ ಆಫೀಸರಿಗೆ ಬರೀರಿ.’

ಕಾಲ್ ಸೆಂಟರಿನಲ್ಲಿ ಒಂದೊಂದು ಕರೆಗೂ ಸಮಯದ ಲೆಕ್ಕ ಇರುತ್ತದೆ, ಬೇಗ ಮುಗಿಸಿದವರಿಗೆ ಒಳ್ಳೆಯ ಅಂಕ. ಅಷ್ಟು ಹೊತ್ತು ನಮ್ಮ ಜೊತೆ ಮಾತಾಡಿದ್ದಕ್ಕೆ ಆ ದಿನ ಅವಳ ಲೆಕ್ಕ ಏನಾಯಿತೋ. ಕರೆ ಮುಗಿದ ಮೇಲೆ ಅಂಕ ಕೊಡಿ ಎಂದು ಬಂದ ಮೆಸೇಜಿಗೆ ಪೂರ್ತಿ ಅಂಕ ಕೊಟ್ಟೆ, ಅವಳು ಮಾಡಿದ್ದನ್ನು ಕಂಪನಿಗೆ ಬರೆದೂ ತಿಳಿಸಿದೆ. ಕಸ್ಟಮರ್ ಕೇರ್ ಎಂದರೆ ಬೈಯುವುದು ಸುಲಭ. ಆ ಕಡೆ ಕೂತವರಿಗೆ ಕಿವಿ ಇರುತ್ತದೆ, ಕೀಲಿ ಕೈ ಇರುವುದಿಲ್ಲ.

ಖಾಲಿ ಬಿಟ್ಟ ಒಂದು ಸಾಲು

ಬಿಲ್ ತರಿಸದೆ ಬೇರೆ ದಾರಿ ಇರಲಿಲ್ಲ. ದೊಡ್ಡಮ್ಮನಿಗೆ ಹೇಳಿಯೇ ನಾನು ಶಾಲೆಯ ಎಫ್‌ಡಿಎಗೆ ಫೋನ್ ಮಾಡಿದೆ. ಅವರು ನೊಂದುಕೊಂಡರು, ಆದರೆ ಅಡ್ಡಮಾತಾಡಲಿಲ್ಲ. ಚಂದಾ ಹಣದ ಲೆಕ್ಕ ಎಲ್ಲರಿಗೂ ತೋರಿಸಬೇಕಿದ್ದರಿಂದ ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನೂ ಬಿಲ್ಲನ್ನೂ ಫೈಲಿಗೆ ಹಾಕಿದ್ದರು. ಸೂಪರ್ ಮಾರ್ಕೆಟ್ಟಿನ ಬಿಲ್ಲುಗಳು ಥರ್ಮಲ್ ಕಾಗದದ ಮೇಲೆ ಬರುತ್ತವೆ. ಅದರಲ್ಲಿ ಶಾಯಿ ಇಲ್ಲ, ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬೆಳಕು, ಬಿಸಿ ತಗುಲಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಇದು ಗೊತ್ತಿರುತ್ತದೆ, ಅದಕ್ಕೇ ಬಿಲ್ಲಿನ ಪಕ್ಕದಲ್ಲೇ ಜೆರಾಕ್ಸ್ ಕೂಡ ಟ್ಯಾಗ್ ಹಾಕಿ ಸೇರಿಸಿದ್ದರು. ಅಸಲು ಬಿಲ್ಲು ನಾವು ನೋಡುವ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿ ಓದಲು ಬಾರದಂತಾಗಿತ್ತು. ಜೆರಾಕ್ಸಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಎರಡು ಕಾರ್ಡು, ಎರಡಕ್ಕೂ 5,000. ಮೊದಲ ಕಾರ್ಡಿನ ಕೊನೆಯ ನಾಲ್ಕು ಅಂಕಿಯ ಕೆಳಗೆ ಅಪ್ರೂವಲ್ ಕೋಡ್ ಅಚ್ಚಾಗಿತ್ತು. ಎರಡನೆಯದರ ಕೆಳಗೆ ಆ ಪದ ಇತ್ತು, ಎದುರಿನ ಜಾಗ ಖಾಲಿ. ಎರಡನೆಯದು ದೊಡ್ಡಮ್ಮನ ಕಾರ್ಡು.

ಸ್ಟ್ಯಾಂಡಿನಲ್ಲಿ ತೂಗುಹಾಕಿದ ಗಿಫ್ಟ್ ಕಾರ್ಡಿಗೆ ಬೆಲೆಯೇ ಇಲ್ಲ, ಅದು ಬರಿ ಪ್ಲಾಸ್ಟಿಕ್. ಕ್ಯಾಷಿಯರ್ ಅದರ ಬಾರ್‌ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಪಡೆದಾಗ ಅಂಗಡಿಯ ಬಿಲ್ಲಿಂಗ್ ಮೆಷಿನ್ನಿನಿಂದ ಕಾರ್ಡ್ ಕಂಪನಿಯ ಸರ್ವರಿಗೆ ಸಂದೇಶ ಹೋಗುತ್ತದೆ. ಅಲ್ಲಿ ಆ ನಂಬರಿನ ಮುಂದೆ ಮೊತ್ತ ಬರೆದು, ಕಾರ್ಡನ್ನು ಚಾಲೂ ಮಾಡಿ, ಆಯಿತು ಎಂಬುದರ ಗುರುತಾಗಿ ಒಂದು ಕೋಡನ್ನು ವಾಪಸ್ ಕಳಿಸುತ್ತಾರೆ. ನಡುವೆ ನೆಟ್‌ವರ್ಕ್ ಹೋದರೆ ಅಂಗಡಿಯ ಕಡೆ ಬಿಲ್ ಆಗಿರುತ್ತದೆ, ಕಂಪನಿಯ ಕಡೆ ಏನೂ ಆಗಿರುವುದಿಲ್ಲ. ದೊಡ್ಡಮ್ಮನ ಐದು ಸಾವಿರ ಸೂಪರ್ ಮಾರ್ಕೆಟ್ಟಿನ ಗಲ್ಲಾಪೆಟ್ಟಿಗೆಯವರೆಗೆ ಹೋಗಿ ಅಲ್ಲೇ ನಿಂತಿತ್ತು. ಆ ದಿನ ಕ್ಯಾಷಿಯರ್ ಬಿಲ್ಲಿನ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಅಲ್ಲಿಗೇ ಸರಿಹೋಗುತ್ತಿತ್ತು.

ಹಾಗಾದರೆ ಹೊಣೆ ಯಾರದು? ಇದರ ಉತ್ತರ ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಹಲವು ಅಂಗಡಿಗಳಲ್ಲಿ ನಡೆಯುವ ಗಿಫ್ಟ್ ಕಾರ್ಡುಗಳು ‘ಪ್ರೀಪೇಯ್ಡ್ ಪಾವತಿ ಸಾಧನ’ಗಳ ಸಾಲಿಗೆ ಸೇರುತ್ತವೆ. 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾಸ್ಟರ್ ನಿರ್ದೇಶನ ಇವಕ್ಕೆ ನಿಯಮ ಹಾಕಿದೆ. ಒಂದು ಗಿಫ್ಟ್ ಕಾರ್ಡಿನ ಮೊತ್ತ 10,000 ರೂಪಾಯಿ ಮೀರುವಂತಿಲ್ಲ. ಮತ್ತೆ ದುಡ್ಡು ತುಂಬಿಸುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು. ಕಾರ್ಡ್ ಹೊಂದಿದವರು ಕೇಳಿದರೆ ಅವಧಿಯನ್ನು ನವೀಕರಿಸಿಕೊಡಬೇಕು, ಅದಕ್ಕೆ ಹೊಸ ಕಾರ್ಡ್ ಕೊಟ್ಟರೂ ಆಗುತ್ತದೆ. ಕಾರ್ಡ್ ಹೊರಡಿಸುವ ಕಂಪನಿ ಬ್ಯಾಂಕ್ ಅಲ್ಲದಿದ್ದರೆ ಜನರ ಹಣವನ್ನು ಒಂದು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಅವಧಿ ಮುಗಿದ ಮೇಲೂ ಕನಿಷ್ಠ ಮೂರು ವರ್ಷ ಆ ಹಣವನ್ನು ತನ್ನ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಅವಧಿ ಮುಗಿದ ಕಾರ್ಡನ್ನು ಕಸದ ಬುಟ್ಟಿಗೆ ಹಾಕುವ ಮುಂಚೆ ಇದೊಂದನ್ನು ನೆನಪಿಡಬೇಕು.

ಅದೇ ನಿರ್ದೇಶನದಲ್ಲಿ ನಮಗೆ ಬೇಕಾದ ಮಾತೂ ಇತ್ತು. ಏಜೆಂಟರ ಮೂಲಕ ಕಾರ್ಡ್ ಮಾರಿದರೆ, ಆ ಏಜೆಂಟರು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಕಾರ್ಡ್ ಹೊರಡಿಸಿದ ಕಂಪನಿಯೇ ಹೊಣೆ. ಕೌಂಟರಿನಲ್ಲಿ ನೆಟ್‌ವರ್ಕ್ ಹೋಯಿತು, ಅದು ಅಂಗಡಿಯವರ ತಪ್ಪು ಎಂದು ಕಂಪನಿ ಜಾರಿಕೊಳ್ಳುವಂತಿಲ್ಲ. ದೂರನ್ನು ಸಾಧ್ಯವಾದರೆ 48 ಗಂಟೆಯಲ್ಲಿ, ಎಷ್ಟೇ ತಡವಾದರೂ 30 ದಿನದೊಳಗೆ ಬಗೆಹರಿಸಬೇಕು, ಅದಕ್ಕೊಬ್ಬ ನೋಡಲ್ ಅಧಿಕಾರಿ ಇರಬೇಕು ಎಂದೂ ಇದೆ.

ದೊಡ್ಡಮ್ಮ ತಾವೇ ಬರೆಯುತ್ತೇನೆ ಎಂದರು. ಗೆರೆ ಹಾಕಿದ ಫುಲ್‌ಸ್ಕೇಪ್ ಹಾಳೆ ತೆಗೆದು, ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಲ್ಲ ಅದರದರ ಜಾಗದಲ್ಲಿ ಇಟ್ಟು, ಮಕ್ಕಳಿಗೆ ಪತ್ರಲೇಖನ ಕಲಿಸಿದ ಅದೇ ದುಂಡು ಅಕ್ಷರದಲ್ಲಿ ಬರೆದರು. ಒಂದೇ ಪುಟ. ಕಾರ್ಡ್ ನಂಬರು, ಕೊಂಡ ದಿನ, ಬಿಲ್ಲಿನಲ್ಲಿ ಖಾಲಿ ಉಳಿದ ಜಾಗ, ರಿಸರ್ವ್ ಬ್ಯಾಂಕಿನ ನಿಯಮ ಎಲ್ಲ ಅದರಲ್ಲಿತ್ತು. ಸಹೋದ್ಯೋಗಿಗಳ ಪ್ರೀತಿಯ ಕಾಣಿಕೆ ತಮ್ಮ ಯಂತ್ರದ ದೋಷದಿಂದ ನನಗೆ ತಲುಪಿಲ್ಲ, ದಯವಿಟ್ಟು ತಲುಪಿಸಿಕೊಡಿ ಎಂದು ಮುಗಿಸಿದ್ದರು. ‘ವಂಚನೆ’, ‘ಕೇಸು’ ಎಂಬ ಪದಗಳನ್ನು ನಾನು ಸೂಚಿಸಿದರೂ ಸೇರಿಸಲಿಲ್ಲ. ಪತ್ರವನ್ನು, ಜೆರಾಕ್ಸ್ ಬಿಲ್ಲನ್ನು, ಕಾರ್ಡಿನ ಎರಡೂ ಬದಿಯ ಫೋಟೊವನ್ನು, ಬೆಳ್ಳಿ ಪಟ್ಟಿಯ ಜಾಗ ಮುಚ್ಚಿ, ಇ–ಮೇಲ್ ಮಾಡಿದೆ. ಉತ್ತರ ಬರುವ ಮುಂಚೆ ಕಂಪನಿಯಿಂದ ದೊಡ್ಡಮ್ಮನಿಗೇ ಫೋನ್ ಬಂತು. ಕನ್ನಡದಲ್ಲೇ ಮಾತಾಡಿ, ಕ್ಷಮೆ ಕೇಳಿ, ಆ ದಿನದ ಸರ್ವರಿನ ದಾಖಲೆ ನೋಡಿದ್ದೇವೆ, ನೀವು ಹೇಳಿದ್ದು ಸರಿ ಎಂದರು. ಹಳೆಯ ಕಾರ್ಡಿನ ಬದಲು 5,000 ರೂಪಾಯಿಯ ಹೊಸ ಕಾರ್ಡು ಬಂತು, ಪೂರ್ತಿ ಒಂದು ವರ್ಷದ ಅವಧಿಯೊಂದಿಗೆ.

ಅಂದರೆ ಆ ದಾಖಲೆ ಅವರ ಹತ್ತಿರ ಮೊದಲಿನಿಂದಲೂ ಇತ್ತು. ಯಾವ ಅಂಗಡಿಯಿಂದ, ಎಷ್ಟು ಗಂಟೆಗೆ, ಯಾವ ನಂಬರಿನ ಕಾರ್ಡಿಗೆ ಸಂದೇಶ ಹೊರಟು ಅರ್ಧದಲ್ಲಿ ನಿಂತಿತು ಎಂಬುದನ್ನು ಕಾರ್ಡ್ ನಂಬರ್ ಒಂದರಿಂದಲೇ ನೋಡಬಹುದಿತ್ತು. ಮೊದಲ ಕರೆಯಲ್ಲೇ ನೋಡಿದ್ದರೆ ದೊಡ್ಡಮ್ಮ ಯಾರೆದುರಿಗೂ ಬಾಯಿ ಬಿಡಬೇಕಾಗಿರಲಿಲ್ಲ, ಆ ಎಫ್‌ಡಿಎ ನೊಂದುಕೊಳ್ಳಬೇಕಾಗಿರಲಿಲ್ಲ. ಅವರು ಚಂದಾ ಪಟ್ಟಿಯ ಜೊತೆ ಜೆರಾಕ್ಸ್ ಇಡದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಂಪನಿಯವರು ಬಿಲ್ ಕೇಳುವುದಕ್ಕೆ ಕಾರಣವೂ ಇದೆ, ಅದನ್ನು ಅಲ್ಲಗಳೆಯಲಾರೆ. ಅಂಗಡಿಯ ಸ್ಟ್ಯಾಂಡಿನಲ್ಲಿರುವ ಕಾರ್ಡಿನ ಬೆಳ್ಳಿ ಪಟ್ಟಿ ಕೆರೆದು, ನಂಬರ್ ಬರೆದುಕೊಂಡು, ಮತ್ತೆ ಪಟ್ಟಿ ಅಂಟಿಸಿ, ಯಾರಾದರೂ ಕೊಂಡ ಕೂಡಲೇ ಹಣ ಎತ್ತುವ ಕಳ್ಳರಿದ್ದಾರೆ. ಅಮೆರಿಕದಲ್ಲಿ ಇದು ಎಷ್ಟು ಬೆಳೆದಿದೆಯೆಂದರೆ ಅಲ್ಲಿನ ಆಂತರಿಕ ಭದ್ರತಾ ತನಿಖಾ ವಿಭಾಗ ಇದಕ್ಕೆಂದೇ ‘ಪ್ರಾಜೆಕ್ಟ್ ರೆಡ್ ಹುಕ್’ ಎಂಬ ಕಾರ್ಯಾಚರಣೆ ನಡೆಸಿದೆ. ಅಲ್ಲಿರುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಾರ್ಡ್ ಕೊಡಿಸುವ ನಮ್ಮವರು ಪಟ್ಟಿ ಏಳಿಸಿದಂತೆ ಕಂಡರೆ ಕೊಳ್ಳಬಾರದು. ಆದರೆ ಕಳ್ಳನ ಹತ್ತಿರ ನಂಬರ್ ಇರುತ್ತದೆ, ಕಾರ್ಡ್ ಇರುವುದಿಲ್ಲ. ಕಾರ್ಡನ್ನೇ ಕೈಯಲ್ಲಿ ಹಿಡಿದು ಬಂದವರಿಗೆ, ಅದರಲ್ಲೂ ಒಮ್ಮೆಯೂ ಚಾಲೂ ಆಗದ ಕಾರ್ಡಿನ ವಿಷಯದಲ್ಲಿ, ಮೊದಲು ಸರ್ವರ್ ನೋಡಿ ಆಮೇಲೆ ಬಿಲ್ ಕೇಳಿದರೆ ಯಾರಿಗೂ ನಷ್ಟವಿಲ್ಲ.

ಹಣವೇ ಆದರೆ

ಗಿಫ್ಟ್ ವೋಚರ್ ಎಂದರೆ ಏನು ಎಂಬ ಪ್ರಶ್ನೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆಯೇ ಬಂದಿತ್ತು. ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಎಂಬ ಕಂಪನಿ ವೋಚರುಗಳ ಮೇಲೆ ಜಿಎಸ್‌ಟಿ ಹಾಕುವುದನ್ನು ಪ್ರಶ್ನಿಸಿ ಹೋಗಿತ್ತು. 2023ರ ಜನವರಿಯಲ್ಲಿ ಬಂದ ತೀರ್ಪು ಕಂಪನಿಯ ಪರವಾಗಿತ್ತು. ವೋಚರಿಗೆ ಸ್ವಂತ ಬೆಲೆಯಿಲ್ಲ, ಅದು ಮುಂದೆ ಕೊಳ್ಳುವ ವಸ್ತುವಿಗೆ ಈಗಲೇ ಕೊಟ್ಟ ಹಣದಂತೆ, ಆದ್ದರಿಂದ ವೋಚರನ್ನೇ ಸರಕು ಎಂದು ಎಣಿಸಿ ತೆರಿಗೆ ಹಾಕುವಂತಿಲ್ಲ ಎಂಬುದು ಅದರ ತಿರುಳು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯೂ ವೋಚರ್ ವಹಿವಾಟಿನ ಮೇಲೆ ತೆರಿಗೆ ಇಲ್ಲ ಎಂದು ಸ್ಪಷ್ಟಪಡಿಸಿತು.

ತೆರಿಗೆಯ ವಿಷಯದಲ್ಲಿ ಹಣದಂತೆ ಎಂದಾದರೆ ದೂರಿನ ವಿಷಯದಲ್ಲೂ ಹಾಗೇ ಇರಲಿ ಎಂಬುದು ನನ್ನ ವಾದ. ಐನೂರರ ನೋಟು ಹಿಡಿದು ಹೋದವರನ್ನು, ಇದನ್ನು ನಿಮಗೆ ಯಾರು ಕೊಟ್ಟರು, ಅವರನ್ನು ಕರೆತನ್ನಿ ಎಂದು ಯಾವ ಅಂಗಡಿಯವರೂ ಕೇಳುವುದಿಲ್ಲ.

ಕಾನೂನು ಕೂಡ ಉಡುಗೊರೆ ಪಡೆದವರನ್ನು ಹೊರಗಿಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದುಡ್ಡು ಕೊಟ್ಟವರಷ್ಟೇ ಗ್ರಾಹಕರಲ್ಲ. ಅವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಸೇವೆಯ ಫಲ ಪಡೆಯುವವರೂ ಗ್ರಾಹಕರೇ. ಬಿಲ್ ನಿಮ್ಮ ಹೆಸರಿನಲ್ಲಿಲ್ಲ ಎಂದು ಯಾರಾದರೂ ಅಂದರೆ ಈ ಮಾತು ಹೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ ಮುಂಬೈಯಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಡಿ ಬರುವ ಕಾರ್ಡಾದರೆ ಇನ್ನೊಂದು ದಾರಿ ಇದೆ. ಕಂಪನಿಗೆ ಬರೆದು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರಿನಲ್ಲಿ ಹಿಂದಿನ ಮೂರು ಯೋಜನೆಗಳನ್ನು ಒಂದುಗೂಡಿಸಿದ ಮೇಲೆ ಬ್ಯಾಂಕಿಗೊಂದು, ವಾಲೆಟ್ಟಿಗೊಂದು ಎಂದು ಅಲೆಯುವುದು ತಪ್ಪಿದೆ. 14448ಕ್ಕೆ ಫೋನ್ ಮಾಡಿದರೆ ಹೇಗೆ ದೂರು ಕೊಡಬೇಕೆಂದು ಕನ್ನಡದಲ್ಲೇ ಹೇಳುತ್ತಾರೆ. ಇದಕ್ಕೂ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಒಂದು ಎಚ್ಚರ ಇಲ್ಲಿ ಬೇಕು. ಒಂದೇ ಅಂಗಡಿ ತನ್ನಲ್ಲಿ ಮಾತ್ರ ನಡೆಯುವಂತೆ ಹೊರಡಿಸುವ ಕಾರ್ಡು ಅಥವಾ ವೋಚರು ರಿಸರ್ವ್ ಬ್ಯಾಂಕಿನ ಈ ನಿಯಮಗಳಡಿ ಬರುವುದಿಲ್ಲ. ಸೀರೆ ಅಂಗಡಿಯ ಕೂಪನ್ನು, ಒಡವೆ ಅಂಗಡಿಯ ಸ್ವಂತ ಕಾರ್ಡು ಈ ಬಗೆಯವು. ಅದಕ್ಕೆ ಒಂದು ವರ್ಷದ ಕನಿಷ್ಠ ಅವಧಿಯ ಖಾತ್ರಿ ಇಲ್ಲ, ಎಸ್ಕ್ರೊ ಇಲ್ಲ, ಒಂಬುಡ್ಸ್‌ಮನ್ ಇಲ್ಲ. ಅಂಗಡಿ ಮುಚ್ಚಿದರೆ ಕಾರ್ಡು ಕೈಯಲ್ಲೇ ಉಳಿಯುತ್ತದೆ. ಅಲ್ಲಿ ಗ್ರಾಹಕ ಕಾಯಿದೆಯೊಂದೇ ಆಸರೆ. ಅಮೆರಿಕದಲ್ಲಿ 2009ರಲ್ಲಿ ಮಾಡಿದ ಕಾನೂನು ಅಂಗಡಿಯ ಸ್ವಂತ ಗಿಫ್ಟ್ ಕಾರ್ಡನ್ನೂ ಒಳಗೆ ಸೇರಿಸಿಕೊಂಡು, ಹಣ ಕನಿಷ್ಠ ಐದು ವರ್ಷ ಉಳಿಯಬೇಕು ಎಂದಿತು. ನಮ್ಮಲ್ಲೂ ಅಂಗಡಿಯ ಕಾರ್ಡು, ಕಂಪನಿಯ ಕಾರ್ಡು ಎಂಬ ಭೇದವಿಲ್ಲದೆ ಒಂದೇ ಕನಿಷ್ಠ ನಿಯಮ ಬರಬೇಕು. ಕೊಳ್ಳುವವರಿಗೆ ಎರಡೂ ಒಂದೇ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ತೂಗುತ್ತಿರುವಂತೆ ಕಾಣುತ್ತವೆ.

ಹೊರಡಿಸಿದವರು ಯಾರು ಎಂಬುದು ಕಾರ್ಡಿನ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿರಬೇಕು. ಷರತ್ತುಗಳು ಸರಳ ಭಾಷೆಯಲ್ಲಿರಲಿ, ಸಾಧ್ಯವಾದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಕೊಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ‘ಸಾಧ್ಯವಾದಷ್ಟೂ’ ಎಂದಿರುವುದರಿಂದ ನನ್ನ ಕೈಗೆ ಬಂದ ಕಾರ್ಡುಗಳಲ್ಲಿ ಕನ್ನಡ ಕಂಡಿಲ್ಲ. ಹಾಸನದ ಸೂಪರ್ ಮಾರ್ಕೆಟ್ಟಿನಲ್ಲಿ ಮಾರುವ ಕಾರ್ಡಿನ ಮೇಲೆ ಹಾಸನದವರು ಓದುವ ಭಾಷೆ ಇರಲೇಬೇಕು ಎಂದು ಕಡ್ಡಾಯ ಮಾಡಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ. ಮಾರುವಾಗಲೇ ಬ್ಯಾಲೆನ್ಸ್ ನೋಡಿ, ಕಾರ್ಡು ಚಾಲೂ ಆಗಿದೆ ಎಂಬ ಬೆಲೆರಹಿತ ಚೀಟಿಯೊಂದನ್ನು ಕಾರ್ಡಿನ ಲಕೋಟೆಯಲ್ಲಿಡುವ ಪದ್ಧತಿಯೂ ಬರಬೇಕು. ಅದರ ಮೇಲೆ ಅಪ್ರೂವಲ್ ಕೋಡ್ ಅಷ್ಟೇ ಇದ್ದರೆ ಸಾಕು. ಕೊಟ್ಟವರ ಮರ್ಯಾದೆಗೆ ಕುಂದಿಲ್ಲ, ಪಡೆದವರ ಕೈಗೆ ದಾಖಲೆ ಸಿಗುತ್ತದೆ. ನಾವೂ ಕೊಳ್ಳುವವರು ಕೌಂಟರು ಬಿಡುವ ಮುಂಚೆ ಬ್ಯಾಲೆನ್ಸ್ ತೋರಿಸಿ ಎಂದು ಕೇಳಿ, ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಫೋನ್ ನಂಬರಿನ ವಿಷಯವೂ ಇದರದೇ ಇನ್ನೊಂದು ಮುಖ. ಅವಧಿ ಮುಗಿಯುವ ಮುಂಚಿನ 45 ದಿನಗಳಲ್ಲಿ ಕಾರ್ಡ್ ಹೊಂದಿದವರಿಗೆ ಎಸ್‌ಎಂಎಸ್, ಇ–ಮೇಲ್ ಇತ್ಯಾದಿಯಲ್ಲಿ ನೆನಪಿಸಬೇಕು ಎಂದು ನಿಯಮವಿದೆ. ಒಳ್ಳೆಯ ನಿಯಮ. ಆದರೆ ಕೊಳ್ಳುವಾಗ ಎಫ್‌ಡಿಎ ತಮ್ಮ ನಂಬರ್ ಕೊಟ್ಟಿದ್ದರಿಂದ ಎರಡೂ ಕಾರ್ಡಿನ ಜೊತೆ ಅವರ ನಂಬರೇ ದಾಖಲಾಗಿತ್ತು. ಹೊಸ ಕಾರ್ಡ್ ಕೊಡುವಾಗ ದೊಡ್ಡಮ್ಮ ಹಟ ಹಿಡಿದು ತಮ್ಮ ನಂಬರ್ ಬರೆಸಿದರು. ಗ್ರೈಂಡರ್ ಕೊಂಡು ಉಳಿದ ಮುನ್ನೂರು ಚಿಲ್ಲರೆ ರೂಪಾಯಿಯ ನೆನಪಿನ ಮೆಸೇಜು ಮೊನ್ನೆ ಅವರ ಫೋನಿಗೇ ಬಂತು. ಅಟೆಂಡರ್ ಅವರ ಕಾರ್ಡಿನಲ್ಲೂ ಒಂದಷ್ಟು ಹಣ ಉಳಿದಿತ್ತು. ಅದರ ಮೆಸೇಜು ಅದಕ್ಕೂ ಮೊದಲೇ ಬಂದಿತ್ತು, ಎಫ್‌ಡಿಎ ಫೋನಿಗೆ. ಅವರಿಗೆ ಅಷ್ಟರಲ್ಲಿ ಅರಕಲಗೂಡಿಗೆ ವರ್ಗವಾಗಿತ್ತು. ನಂಬರ್ ಬದಲಿಸಿರಲಿಲ್ಲ, ಹಾಗಾಗಿ ಅಟೆಂಡರಿಗೆ ಫೋನ್ ಮಾಡಿ ತಿಳಿಸಿದರು.